ಮೊದಲ ಜೀವ ಎಲ್ಲಿಂದ ಬಂತು? ಐದು ಉತ್ತರ, ನಾಲ್ಕು ಅಳತೆ

ಮೊದಲ ಜೀವ ತಾನಾಗಿ ಹುಟ್ಟಿತೋ, ಯಾರಾದರೂ ಹುಟ್ಟಿಸಿದರೋ? ದ್ವಿತೀಯ ಪಿಯುಸಿಯಲ್ಲಿ ವಿಕಾಸದ ಪಾಠ ಓದುವ ಮಕ್ಕಳು ಈ ಪ್ರಶ್ನೆಯನ್ನು ಮನೆಗೆ ಹೊತ್ತು ತರುತ್ತಾರೆ. ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಇದೇ ವಿಷಯ ಬಂದರೆ ಯಾವ ಪಕ್ಷ ಹಿಡಿಯುವುದೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಇನ್ನು ಕೆಲವರಿಗೆ ಇದು ಬಹುಮಾನದ ಮಾತಲ್ಲ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ, ಹತ್ತಕ್ಕೆ ಲ್ಯಾಬಿಗೆ ಹೋಗುವವರು ಅವರು. ಎರಡರಲ್ಲಿ ಒಂದನ್ನು ಬಿಡಲೇಬೇಕಾ ಅಂತ ಮನಸ್ಸಿಟ್ಟು ಕೇಳುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅನ್ನಬಾರದು. ಜೀವ ಹೇಗೆ ಶುರುವಾಯಿತು ಎಂಬ ಪ್ರಶ್ನೆಗೆ ನಾನು ರಸಾಯನದ ಕಡೆಯವನು. ಆದರೆ ಅದನ್ನು ಒಪ್ಪಿದರೆ ದೇವರನ್ನು ಬಿಡಬೇಕು ಎನ್ನುವ ಲೆಕ್ಕ ನಮ್ಮ ಕಡೆಯದ್ದಲ್ಲ. ಅದು ಹೊರಗಿನಿಂದ ಬಂದ ಜಗಳ. ಉತ್ತರ ಕನ್ನಡದ ಮಠ-ಮಂದಿರಗಳ ನೆರಳಲ್ಲಿ ಬೆಳೆದವರು ಆ ಜಗಳವನ್ನು ಹಾಗೇ ಎತ್ತಿಕೊಳ್ಳಬೇಕಾದ ಅಗತ್ಯವಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ಅದಕ್ಕೆ ಮೊದಲು ಎರಡು ಗೊಂದಲ ಬಿಡಿಸಿಕೊಳ್ಳೋಣ. ಜೀವದ ಹುಟ್ಟು ಬೇರೆ, ವಿಕಾಸ ಬೇರೆ. ಡಾರ್ವಿನ್ 1859ರಲ್ಲಿ ಬರೆದದ್ದು ಒಂದು ಬಗೆಯ ಜೀವಿಯಿಂದ ಇನ್ನೊಂದು ಬಗೆ ಹೇಗೆ ಬಂತು ಎಂಬುದನ್ನು. ಮೊದಲ ಜೀವಿಯ ಪ್ರಶ್ನೆ ಅದಕ್ಕೂ ಹಿಂದಿನದು. ಹಾಗಾಗಿ ಮಂಗನಿಂದ ಮಾನವ, ಮತ್ಸ್ಯ-ಕೂರ್ಮ-ವರಾಹ ಅಂತ ಮಾತು ಹೊರಟರೆ ಚರ್ಚೆ ದಾರಿ ತಪ್ಪಿತು ಅಂತಲೇ ತಿಳಿಯಿರಿ.

ಇನ್ನೊಂದು, ಇಂಟರ್‌ನೆಟ್‌ನಲ್ಲಿ ಸಿಗುವ ವಾದಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿ ಒಂದು ಪಕ್ಷಕ್ಕೆ ಭೂಮಿಯ ವಯಸ್ಸು ಆರೇಳು ಸಾವಿರ ವರ್ಷ ಮಾತ್ರ. ಶಾಲೆಯ ಜೀವಶಾಸ್ತ್ರ ತರಗತಿಯಲ್ಲಿ ಏನು ಹೇಳಬೇಕು ಎಂಬುದು ಅಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದೆ. ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಮೊಕದ್ದಮೆಯಲ್ಲಿ 2005ರಲ್ಲಿ ತೀರ್ಪು ಬಂತು: 'ಇಂಟೆಲಿಜೆಂಟ್ ಡಿಸೈನ್', ಅಂದರೆ ಜೀವಿಗಳನ್ನು ಯಾರೋ ಬುದ್ಧಿವಂತ ಯೋಜಿಸಿ ಮಾಡಿದ ಎಂಬ ವಾದ, ವಿಜ್ಞಾನವಲ್ಲ, ಅದನ್ನು ವಿಜ್ಞಾನದ ಪಾಠವಾಗಿ ಹೇಳಿಕೊಡುವಂತಿಲ್ಲ. ಆ ವಾದಗಳನ್ನು ಹಾಗೇ ತಂದು ಕುಮಟೆಯಲ್ಲೋ ಶಿರಸಿಯಲ್ಲೋ ಇಳಿಸಿದರೆ ಎದುರಿಗೆ ಆ ಎದುರಾಳಿಯೇ ಇರುವುದಿಲ್ಲ. ಪೂಜೆಯ ಸಂಕಲ್ಪದಲ್ಲೇ ಕೋಟಿಗಟ್ಟಲೆ ವರ್ಷ ಹೇಳುವ ಜನ ನಾವು.

ಅಳತೆಗಳು

ಆಯ್ಕೆಗಳನ್ನು ನೋಡುವ ಮೊದಲು ಯಾವುದರಿಂದ ಅಳೆಯುತ್ತೇವೆ ಎಂದು ಗಟ್ಟಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಪ್ರತಿ ಉತ್ತರಕ್ಕೂ ಬೇರೆ ಬೇರೆ ಅಳತೆ ಹಿಡಿದು ಇಷ್ಟವಾದದ್ದನ್ನು ಗೆಲ್ಲಿಸುತ್ತೇವೆ.

ಮೊದಲನೆಯದು, ಈ ಉತ್ತರ ತಪ್ಪಾಗಿದ್ದರೆ ಅದು ತಿಳಿಯುವ ದಾರಿ ಇದೆಯಾ? ಕುಮಟೆ ತಾಲೂಕಿನ ಯಾಣದ ಬಂಡೆಗಳನ್ನೇ ತೆಗೆದುಕೊಳ್ಳಿ. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ, ಅದಕ್ಕೇ ಇಲ್ಲಿ ಕಲ್ಲು-ಮಣ್ಣು ಕಪ್ಪು ಎನ್ನುವುದು ಸ್ಥಳದ ಕತೆ. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಕೊರೆದ ಶಿಖರಗಳು ಎನ್ನುವುದು ಭೂವಿಜ್ಞಾನದ ಮಾತು. ಎರಡನೆಯದನ್ನು ಪರೀಕ್ಷೆ ಮಾಡಬಹುದು. ಕಲ್ಲಿನ ಚೂರಿಗೆ ಆಮ್ಲ ಹಾಕಿ, ಸುಣ್ಣಕಲ್ಲಾಗಿದ್ದರೆ ಗುಳ್ಳೆ ಏಳಬೇಕು. ಏಳದಿದ್ದರೆ ಆ ಮಾತು ಬಿತ್ತು. ಮೊದಲನೆಯದಕ್ಕೆ ಅಂಥ ಪರೀಕ್ಷೆ ಇಲ್ಲ, ಅದು ಆ ಕೆಲಸಕ್ಕೆ ಹುಟ್ಟಿದ ಕತೆಯೂ ಅಲ್ಲ. ಶಿವರಾತ್ರಿಗೆ ಯಾಣಕ್ಕೆ ಹೋಗುವವರು ಆಮ್ಲದ ಬಾಟಲಿ ಹಿಡಿದು ಹೋಗುವುದಿಲ್ಲ, ಅಲ್ವಾ?

ಎರಡನೆಯದು, ಕಣ್ಣೆದುರಿಗಿರುವ ವಿವರಗಳಿಗೆ ಉತ್ತರ ಹೊಂದುತ್ತದಾ? ಅಘನಾಶಿನಿ ಹೊಳೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಕಾರವಾರದ ಬಂಗಡೆ, ಶಿರಸಿಯ ಅಡಿಕೆ, ಆ ಅಡಿಕೆಗೆ ಕೊಳೆರೋಗ ತರುವ ಸೂಕ್ಷ್ಮಜೀವಿ, ಇವೆಲ್ಲದರಲ್ಲೂ ಡಿಎನ್‌ಎ ಬರೆದಿರುವುದು ಅದೇ ನಾಲ್ಕು ಅಕ್ಷರಗಳಲ್ಲಿ. ಆ ಅಕ್ಷರಗಳನ್ನು ಓದಿ ಪ್ರೋಟೀನ್ ಮಾಡುವ ಸಂಕೇತವೂ ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಒಂದೇ. ಆ ಸಂಕೇತ ಬಿಡಿಸಿದ್ದಕ್ಕೆ 1968ರಲ್ಲಿ ನೊಬೆಲ್ ಪಡೆದವರಲ್ಲಿ ನಮ್ಮ ಹರಗೋಬಿಂದ್ ಖೊರಾನಾ ಒಬ್ಬರು. ಇಷ್ಟು ದೊಡ್ಡ ಹೋಲಿಕೆ ಯಾಕಿದೆ ಎಂದು ಒಳ್ಳೆಯ ಉತ್ತರ ಹೇಳಬೇಕು.

ಮೂರನೆಯದು, ಉತ್ತರ ಪ್ರಶ್ನೆಯನ್ನು ಮುಗಿಸುತ್ತದಾ, ಸುಮ್ನೆ ಹಿಂದಕ್ಕೆ ತಳ್ಳುತ್ತದಾ? ಹೆಪ್ಪಿಲ್ಲದೆ ಮೊಸರಾಗುವುದಿಲ್ಲ. ಹೆಪ್ಪು ಪಕ್ಕದ ಮನೆಯಿಂದ ತಂದೆ ಎಂದರೆ ನಮ್ಮ ಮನೆಯ ಮೊಸರಿನ ಲೆಕ್ಕ ಮುಗಿಯಿತು. ಊರಿನ ಮೊದಲ ಹೆಪ್ಪಿನ ಲೆಕ್ಕ ಹಾಗೇ ಉಳಿಯಿತು.

ನಾಲ್ಕನೆಯದು ಬೆಲೆ. ಇಲ್ಲಿ ರೂಪಾಯಿ ಕೊಡಬೇಕಾಗಿಲ್ಲ. ಒಂದು ಉತ್ತರ ನಿಮ್ಮ ಸಮಯ ಕೇಳುತ್ತದೆ, ಇನ್ನೊಂದು ನಂಬಿಕೆ ಕೇಳುತ್ತದೆ, ಮತ್ತೊಂದು 'ಇನ್ನೂ ಗೊತ್ತಿಲ್ಲ' ಎಂಬ ಮಾತಿನ ಜೊತೆ ಬದುಕುವ ತಾಳ್ಮೆ ಕೇಳುತ್ತದೆ. ಯಾರ ಹತ್ತಿರ ಯಾವುದು ಎಷ್ಟಿದೆ ಎಂಬುದು ಅವರವರಿಗೆ ಗೊತ್ತು.

ಅಳತೆಯಾಗಿ ಬಳಸಬಾರದ್ದೂ ಒಂದಿದೆ: ಮಾತಿನ ಚಂದ. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಒಳ್ಳೆಯ ಅರ್ಥಧಾರಿ ಇವತ್ತು ಕೃಷ್ಣನ ಪರ ಗೆಲ್ಲುತ್ತಾನೆ, ನಾಳೆ ಕೌರವನ ಪರವೂ ಗೆಲ್ಲುತ್ತಾನೆ.

ದೇವರೇ ಮಾಡಿದ

ಅತಿ ಹಳೆಯ, ಅತಿ ಹೆಚ್ಚು ಜನ ಒಪ್ಪಿರುವ ಉತ್ತರ ಇದು. ಪುರಾಣದಲ್ಲಿ ಬ್ರಹ್ಮ ಸೃಷ್ಟಿಸುತ್ತಾನೆ. ಬೈಬಲ್ಲಿನ ಮೊದಲ ಅಧ್ಯಾಯದಲ್ಲಿ ದೇವರು ಭೂಮಿಗೆ ಹಸಿರನ್ನು ಮೊಳೆಯಿಸಲು, ನೀರಿಗೆ ಜೀವಿಗಳಿಂದ ತುಂಬಲು ಆಜ್ಞೆ ಮಾಡುತ್ತಾನೆ. ಪ್ರತಿ ಜೀವಿಯನ್ನೂ ನೀರಿನಿಂದ ಮಾಡಿದೆವು ಎಂಬ ಮಾತು ಕುರಾನಿನಲ್ಲಿದೆ. ಗೋಕರ್ಣ, ಭಟ್ಕಳ, ಕಾರವಾರದ ಇಗರ್ಜಿ, ಎಲ್ಲ ಕಡೆಯೂ ಈ ಉತ್ತರಕ್ಕೆ ಮನೆಯಿದೆ.

ಮೊದಲ ಅಳತೆಯಲ್ಲಿ ಇದು ಸೋಲುತ್ತದೆ. ನಾಳೆ ಏನೇ ಸಿಕ್ಕಿದರೂ 'ಅವನ ಇಚ್ಛೆ' ಎನ್ನಬಹುದು. ಯಾವ ಸಾಕ್ಷಿಯೂ ಇದನ್ನು ಬೀಳಿಸಲಾರದು, ಹಾಗಾಗಿ ಯಾವ ಸಾಕ್ಷಿಯೂ ಇದನ್ನು ಗಟ್ಟಿ ಮಾಡಲಾರದು. ಎಲ್ಲ ಜೀವಿಗಳಲ್ಲಿ ಒಂದೇ ಸಂಕೇತ ಯಾಕೆ ಎಂದರೆ ಮಾಡಿದವನು ಒಬ್ಬನೇ ಎನ್ನಬಹುದು. ಸರಿ. ಆದರೆ ಬೇರೆ ಬೇರೆ ಸಂಕೇತ ಇದ್ದಿದ್ದರೆ ಅವನ ಲೀಲೆ ದೊಡ್ಡದು ಎನ್ನುತ್ತಿದ್ದೆವು. ಎರಡಕ್ಕೂ ಹೊಂದುವ ಉತ್ತರ ಒಂದನ್ನೂ ವಿವರಿಸಿದಂತಾಗುವುದಿಲ್ಲ.

ಮೂರನೆಯ ಅಳತೆಯಲ್ಲಿ ಭಕ್ತನಿಗೆ ಇದು ಪೂರ್ತಿ ಉತ್ತರ. ದೇವರಿಗೆ ಆದಿ ಇಲ್ಲ, ಪ್ರಶ್ನೆ ಅಲ್ಲಿಗೆ ನಿಂತಿತು. ನಂಬದವನಿಗೆ ಅದು ಪಕ್ಕದ ಮನೆಯ ಹೆಪ್ಪು.

ಬೆಲೆಯ ವಿಷಯ ಸ್ವಲ್ಪ ಸೂಕ್ಷ್ಮ. ಓದುವ ಸಮಯ ಬೇಕಿಲ್ಲ, ನಂಬಿಕೆ ಸಾಕು. ಆದರೆ ಕೆಲವರು ದೇವರನ್ನು ವಿಜ್ಞಾನಕ್ಕೆ ಇನ್ನೂ ತಿಳಿಯದ ಸಂದಿಯಲ್ಲಿ ಕೂರಿಸುತ್ತಾರೆ. 'ಇದನ್ನು ವಿಜ್ಞಾನ ಹೇಳಲಾರದು, ಆದ್ದರಿಂದ ದೇವರು' ಎನ್ನುವ ವಾದ. ಆಗ ಬೆಲೆ ಜಾಸ್ತಿಯಾಗುತ್ತದೆ. ಯಾಕೆಂದರೆ ಸಂದಿ ಸಣ್ಣದಾಗುತ್ತಾ ಹೋಗುತ್ತದೆ. ಜೀವಿಗಳ ದೇಹದಲ್ಲಿರುವ ವಸ್ತುಗಳನ್ನು ಮಾಡಲು ವಿಶೇಷ ಜೀವಶಕ್ತಿ ಬೇಕು ಎಂದು ಒಂದು ಕಾಲದಲ್ಲಿ ನಂಬಿದ್ದರು. 1828ರಲ್ಲಿ ವೋಲರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಮೂತ್ರದಲ್ಲಿರುವ ಯೂರಿಯಾವನ್ನು ಪ್ರಯೋಗಾಲಯದಲ್ಲೇ ಮಾಡಿ ತೋರಿಸಿದ. ಇವತ್ತು ಅದನ್ನು ಮೂಟೆಗಟ್ಟಲೆ ತೋಟಕ್ಕೆ ಹಾಕುತ್ತೇವೆ. ನಂಬಿಕೆಯುಳ್ಳ ಓದುಗರಿಗೆ ನನ್ನ ಸಲಹೆ ಇಷ್ಟೇ: ದೇವರನ್ನು ಸಂದಿಯಲ್ಲಿ ಇಡಬೇಡಿ.

ಇಲ್ಲೇ ಇನ್ನೊಂದು ಮಾತು. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ವಿಜ್ಞಾನ ಹೇಳುವ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ನೋಡಿ ಎಷ್ಟು ಹತ್ತಿರ ಅಂತ ವಾಟ್ಸಾಪಿನಲ್ಲಿ ಓಡಾಡುತ್ತದೆ. ಕೇಳಲು ಚಂದ. ಆದರೆ ಸಂಕಲ್ಪ ಹೇಳುವಾಗ ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೆಯ ಕಲಿಯುಗ ಎನ್ನುತ್ತೇವಲ್ಲ, ಆ ಲೆಕ್ಕದಲ್ಲಿ ಈ ಹಗಲು ಶುರುವಾಗಿ ಕಳೆದಿರುವುದು ಸುಮಾರು 197 ಕೋಟಿ ವರ್ಷ. ಭೂಮಿಯ ವಯಸ್ಸಿಗೆ ಹೋಲಿಸಬೇಕಾದ್ದು ಅದನ್ನು, ಇಡೀ ಹಗಲನ್ನಲ್ಲ. ಈ ವಾದವನ್ನು ವೇದಿಕೆಗೆ ತಂದರೆ ಪಂಚಾಂಗ ಗೊತ್ತಿರುವ ಯಾರಾದರೂ ಎದ್ದು ನಿಲ್ಲುತ್ತಾರೆ.

ಈ ಉತ್ತರ ಬೇರೆ ಯಾವುದಕ್ಕೂ ಸಾಧ್ಯವಿಲ್ಲದ ಒಂದು ಕೆಲಸ ಮಾಡುತ್ತದೆ. ಜೀವಕ್ಕೆ ಬೆಲೆ ಯಾಕೆ, ಕೈಯಲ್ಲಿರುವ ಹುಳವನ್ನು ಹೊಸಕದೆ ಬಿಡಬೇಕು ಯಾಕೆ, ಊಟಕ್ಕೆ ಮೊದಲು ಕೈ ಮುಗಿಯುವುದು ಯಾರಿಗೆ? ರಸಾಯನ ಇದಕ್ಕೆ ಉತ್ತರ ಹೇಳುವುದಿಲ್ಲ.

ಶುರುವೇ ಇಲ್ಲ

ಹೆಚ್ಚಿನ ಚರ್ಚೆಗಳಲ್ಲಿ ಈ ಆಯ್ಕೆ ಬರುವುದೇ ಇಲ್ಲ. ನನಗೆ ಇದೇ ತುಂಬ ಕುತೂಹಲದ್ದು.

ಶಿರಸಿ ತಾಲೂಕಿನ ಸೋಂದಾಕ್ಕೆ ಒಮ್ಮೆ ಹೋಗಿ ಬನ್ನಿ. ಒಂದೇ ಊರಿನ ಆಸುಪಾಸಿನಲ್ಲಿ ಮೂರು ಮಠ. ಸ್ವರ್ಣವಲ್ಲಿ ಅದ್ವೈತದ್ದು, ವಾದಿರಾಜರ ವೃಂದಾವನವಿರುವ ಸೋದೆ ಮಠ ದ್ವೈತದ್ದು, ಸ್ವಾದಿ ಮಠ ದಿಗಂಬರ ಜೈನರದ್ದು. ಮೂವರನ್ನೂ ಕೂರಿಸಿ ಮೊದಲ ಜೀವ ಯಾವಾಗ ಹುಟ್ಟಿತು ಎಂದು ಕೇಳಿದರೆ ಉತ್ತರ ಹೇಗಿರುತ್ತದೆ?

ಜೈನರು ನೇರವಾಗಿ ಹೇಳುತ್ತಾರೆ: ಸೃಷ್ಟಿಕರ್ತ ಇಲ್ಲ. ಜೀವವೂ ಅಜೀವವೂ ಅನಾದಿ. ಮಣ್ಣು, ನೀರು, ಬೆಂಕಿ, ಗಾಳಿಯನ್ನೇ ಮೈಯಾಗಿ ಉಳ್ಳ ಒಂದೇ ಇಂದ್ರಿಯದ ಜೀವಗಳೂ ಇವೆ. ದ್ವೈತಿಗಳಿಗೆ ದೇವರು ಖಂಡಿತ ಇದ್ದಾನೆ, ಜಗತ್ತು ಅವನ ಅಧೀನ. ಆದರೆ ಜೀವರು ಅನಾದಿ, ಅವನು ಇಲ್ಲದ ಜೀವವನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಸೃಷ್ಟಿ ಎಂದರೆ ಇರುವ ಜೀವಕ್ಕೆ ದೇಹ ಕೊಡುವುದು. ಅದ್ವೈತಿಗಳಿಗೆ ಜೀವ-ಬ್ರಹ್ಮ ಬೇರೆಯಲ್ಲ, ಬೇರೆ ಎಂದು ಕಾಣಿಸುವ ಅವಿದ್ಯೆಗೂ ಆದಿ ಇಲ್ಲ.

ಉಳಿದ ಎಲ್ಲದರಲ್ಲೂ ಜಗಳವಾಡುವ ಮೂವರೂ ಇದೊಂದರಲ್ಲಿ ಒಂದು ಕಡೆ. ಇಲ್ಲದ ಜೀವ ಒಂದು ದಿನ ಹುಟ್ಟಿತು ಎಂದು ಯಾರೂ ಹೇಳುತ್ತಿಲ್ಲ. ಅಂದರೆ ಮೊದಲ ಜೀವಕೋಶವನ್ನು ಯಾರು ಮಾಡಿದರು ಎಂಬ ಪ್ರಶ್ನೆಗೆ ಅವರ ಸಿದ್ಧಾಂತದಲ್ಲಿ ದೊಡ್ಡ ಜಾಗವೇ ಇಲ್ಲ. ಅವರು ಮಾತಾಡುವ ಜೀವ ಅರಿವಿನ ಕಡೆಯದು, ಪ್ರಯೋಗಾಲಯ ಮಾತಾಡುವುದು ದೇಹದ ಕಡೆಯದು. ಭೂಮಿಯ ಮೇಲೆ ಮೊದಲ ದೇಹ ಕೆರೆಯಲ್ಲಾಯಿತೋ ಕಡಲಲ್ಲಾಯಿತೋ, ಮೂರು ಮಠಗಳ ಸಿದ್ಧಾಂತಕ್ಕೂ ಅದರಿಂದ ಬಿರುಕು ಬೀಳುವುದಿಲ್ಲ. ಹೊರಗಿನಿಂದ ಬಂದ ಜಗಳ ಎಂದು ನಾನು ಹೇಳಿದ್ದು ಇದಕ್ಕೇ.

ಇನ್ನು ಅಳತೆ. ಅನಾದಿ ಎಂಬುದನ್ನು ಅರಿವಿನ ಬಗ್ಗೆ ಹೇಳಿದರೆ ಪರೀಕ್ಷೆ ಮಾಡಲಾಗದು. ದೇಹದ ಬಗ್ಗೆ, ಅಂದರೆ ಭೂಮಿಯ ಮೇಲೆ ಜೀವಿಗಳು ಯಾವಾಗಲೂ ಇದ್ದವು ಎಂಬ ಅರ್ಥದಲ್ಲಿ ಹೇಳಿದರೆ ಅದು ತಪ್ಪು. ಭೂಮಿ ಒಂದು ಕಾಲದಲ್ಲಿ ಕರಗಿದ ಕಲ್ಲಿನ ಉಂಡೆಯಾಗಿತ್ತು. ಅಲ್ಲಿ ಯಾವ ದೇಹವೂ ಉಳಿಯುತ್ತಿರಲಿಲ್ಲ. ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದಲ್ಲಿ ಸೂಕ್ಷ್ಮಜೀವಿಗಳ ಪದರಗಳಿಂದ ಆದ ಸ್ಟ್ರೊಮಟೊಲೈಟ್ ಕಲ್ಲುಗಳು ಸುಮಾರು 348 ಕೋಟಿ ವರ್ಷ ಹಳೆಯವು. ಅಷ್ಟು ದೂರ ಯಾಕೆ, ಘಟ್ಟದ ಆಚೆ ಶಿವಮೊಗ್ಗ-ಚಿತ್ರದುರ್ಗದ ಕಡೆಯ ಧಾರವಾಡ ಶಿಲೆಗಳಲ್ಲೂ 250 ಕೋಟಿ ವರ್ಷಕ್ಕಿಂತ ಹಳೆಯ ಸ್ಟ್ರೊಮಟೊಲೈಟ್‌ಗಳಿವೆ. ದೇಹಗಳಿಗೆ ಶುರು ಇದೆ, ಅದು ಕಲ್ಲಿನಲ್ಲಿ ದಾಖಲಾಗಿದೆ.

ರಸಾಯನ

ಇದರ ಹಳೆಯ ರೂಪ ಡಾರ್ವಿನ್ 1871ರಲ್ಲಿ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿದೆ. ಬೆಚ್ಚಗಿನ ಸಣ್ಣ ಹೊಂಡವೊಂದರಲ್ಲಿ ಅಮೋನಿಯಾ, ಫಾಸ್ಫರಸ್ ಲವಣ, ಬೆಳಕು, ಶಾಖ, ವಿದ್ಯುತ್ ಎಲ್ಲ ಸೇರಿ ಪ್ರೋಟೀನ್ ಆಗಿದ್ದರೆ ಎಂದು ಆತ ಊಹಿಸಿದ. ಇವತ್ತು ಹಾಗಾದರೆ ಈಗಿರುವ ಜೀವಿಗಳು ಅದನ್ನು ತಿಂದು ಹಾಕುತ್ತವೆ ಎಂದೂ ಬರೆದ. ಲೂಯಿ ಪಾಶ್ಚರ್ ಜೀವದಿಂದಲೇ ಜೀವ ಎಂದು ತೋರಿಸಿಬಿಟ್ಟನಲ್ಲ ಎಂದು ಕೇಳುವವರಿಗೆ ಅರ್ಧ ಉತ್ತರ ಅಲ್ಲೇ ಇದೆ. ಪಾಶ್ಚರ್ ತೋರಿಸಿದ್ದು, ಕುದಿಸಿ ಇಟ್ಟ ಸಾರಿನಲ್ಲಿ ಹೊರಗಿನ ಸೂಕ್ಷ್ಮಜೀವಿ ಬೀಳದಿದ್ದರೆ ಅದು ಕೆಡುವುದಿಲ್ಲ ಎಂದು. ಆಮ್ಲಜನಕವೇ ಇಲ್ಲದ ಗಾಳಿ, ತಿನ್ನುವವರೇ ಇಲ್ಲದ ಕಡಲು, ಕೋಟಿಗಟ್ಟಲೆ ವರ್ಷ, ಇವು ಆ ಗಾಜಿನ ಬುರುಡೆಯಲ್ಲಿ ಇರಲಿಲ್ಲ.

1920ರ ದಶಕದಲ್ಲಿ ರಷ್ಯಾದ ಒಪಾರಿನ್ ಮತ್ತು ಬ್ರಿಟನ್ನಿನ ಹಾಲ್ಡೇನ್ ಬೇರೆ ಬೇರೆಯಾಗಿ ಈ ವಿಚಾರ ಬೆಳೆಸಿದರು. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ಪಿಯುಸಿ ಪುಸ್ತಕದಲ್ಲಿರುವ ಮಿಲ್ಲರ್ ಪ್ರಯೋಗ 1953ರಲ್ಲಿ ಪ್ರಕಟವಾಯಿತು. ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಾವಿ ತುಂಬಿದ ಗಾಜಿನೊಳಗೆ ವಿದ್ಯುತ್ ಕಿಡಿ ಹಾರಿಸಿದಾಗ ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲಗಳು ಆದವು. ಪುಸ್ತಕದಲ್ಲಿ ಇಲ್ಲದ್ದು ಎರಡು ಸೇರಿಸುತ್ತೇನೆ. ಆರಂಭದ ಗಾಳಿಯಲ್ಲಿ ಹೆಚ್ಚಿದ್ದದ್ದು ಇಂಗಾಲದ ಡೈಆಕ್ಸೈಡ್ ಮತ್ತು ನೈಟ್ರೋಜನ್ ಎಂದು ಆಮೇಲೆ ಹೆಚ್ಚಿನವರು ಒಪ್ಪಿದರು, ಅಂಥ ಗಾಳಿಯಲ್ಲಿ ಫಸಲು ಕಡಿಮೆ. ಎದುರು ಪಕ್ಷಕ್ಕೆ ಇದು ಒಳ್ಳೆಯ ಅಸ್ತ್ರ. ಮಿಲ್ಲರ್ ತೀರಿಕೊಂಡ ಮೇಲೆ ಅವರ ಹಳೆಯ ಸೀಸೆಗಳನ್ನು ಹೊಸ ಉಪಕರಣಗಳಿಂದ ನೋಡಿದರು. ಜ್ವಾಲಾಮುಖಿಯ ಉಗಿಯನ್ನು ಹೋಲುವ ಪ್ರಯೋಗದ ಸೀಸೆಗಳಲ್ಲಿ 22 ಅಮೈನೋ ಆಮ್ಲ ಸಿಕ್ಕವು ಎಂದು 2008ರಲ್ಲಿ ವರದಿಯಾಯಿತು. ಇದು ಈ ಕಡೆಯವರ ಅಸ್ತ್ರ.

ಅಮೈನೋ ಆಮ್ಲ ಇಟ್ಟಿಗೆ ಮಾತ್ರ, ಮನೆಯಲ್ಲ ಎನ್ನುವುದು ನಿಜ. ಡಿಎನ್‌ಎ ಇಲ್ಲದೆ ಪ್ರೋಟೀನ್ ಆಗದು, ಪ್ರೋಟೀನ್ ಇಲ್ಲದೆ ಡಿಎನ್‌ಎ ನಕಲಾಗದು, ಮೊದಲು ಯಾವುದು? ಇದು ಬಹುಕಾಲ ದೊಡ್ಡ ತೊಡಕಾಗಿತ್ತು. 1980ರ ದಶಕದಲ್ಲಿ, ಡಿಎನ್‌ಎಯ ಹತ್ತಿರದ ನೆಂಟನಾದ ಆರ್‌ಎನ್‌ಎ ತಾನೇ ರಾಸಾಯನಿಕ ಕೆಲಸ ಮಾಡಬಲ್ಲದು ಎಂದು ಸೆಕ್ ಮತ್ತು ಆಲ್ಟ್‌ಮನ್ ಕಂಡರು, 1989ರಲ್ಲಿ ನೊಬೆಲ್ ಬಂತು. ಮಾಹಿತಿಯೂ ಅದೇ, ಕೆಲಸಗಾರನೂ ಅದೇ. ಆಮೇಲೆ ಜೀವಕೋಶದಲ್ಲಿ ಪ್ರೋಟೀನ್ ಹೆಣೆಯುವ ರೈಬೋಸೋಮಿನ ನಡುಭಾಗದಲ್ಲಿ ಆ ಹೆಣಿಗೆ ಮಾಡುವುದು ಆರ್‌ಎನ್‌ಎ ಎಂದೇ ಗೊತ್ತಾಯಿತು. ರೈಬೋಸೋಮಿನ ರಚನೆ ಬಿಡಿಸಿ 2009ರ ನೊಬೆಲ್ ಹಂಚಿಕೊಂಡವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಇದ್ದಾರೆ. ಅದೇ ವರ್ಷ ಸದರ್‌ಲ್ಯಾಂಡ್ ಅವರ ತಂಡ ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎರಡನ್ನು ಸರಳ ವಸ್ತುಗಳಿಂದ ಮಾಡಿ ತೋರಿಸಿತು. ನಿಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಈಗಲೂ ಆ ಹಳೆಯ ಆರ್‌ಎನ್‌ಎ ಕಾರುಬಾರು ನಡೆಯುತ್ತಿದೆ. ಎರಡನೆಯ ಅಳತೆಯಲ್ಲಿ ಈ ಉತ್ತರದ ಸಮಕ್ಕೆ ಬೇರೆ ಯಾವುದೂ ಬರುವುದಿಲ್ಲ.

ರಸಾಯನ ಒಪ್ಪಿದವರಲ್ಲೂ ಎರಡು ಪಂಗಡ. ಕೆರೆಯವರು, ಕಡಲಿನವರು.

ಕೆರೆಯವರ ಮಾತು ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಉಬ್ಬರದ ನೀರನ್ನು ಒಳಗೆ ಬಿಟ್ಟು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಆರಿಸುತ್ತಾರೆ. ನೀರು ಆರಿದಂತೆ ಅದರಲ್ಲಿದ್ದದ್ದು ಗಟ್ಟಿಯಾಗುತ್ತದೆ. ಸಣ್ಣ ಅಣುಗಳು ಕೈ ಹಿಡಿದು ಉದ್ದ ಸರಪಳಿಯಾಗಬೇಕಾದರೆ ನಡುವಿನಿಂದ ನೀರು ಹೊರಗೆ ಹೋಗಬೇಕು. ಕಡಲಲ್ಲಿ ಅದು ಕಷ್ಟ, ಆರುವ ಹೊಂಡದಲ್ಲಿ ಸುಲಭ. ಆರುವುದು, ನೆನೆಯುವುದು, ಮತ್ತೆ ಆರುವುದು, ಈ ಸುತ್ತಿನಲ್ಲಿ ಸರಪಳಿಗಳು ಬೆಳೆಯುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಸಾಣಿಕಟ್ಟೆಯಂಥ ಉಪ್ಪುನೀರು ಅವರಿಗೆ ಬೇಡ. ಮೊದಲ ಪೊರೆಗಳು ಸರಳ ಕೊಬ್ಬಿನಾಮ್ಲಗಳಿಂದ ಆಗಿರಬೇಕು, ಅವು ಉಪ್ಪಿನಲ್ಲಿ ಸುಲಭವಾಗಿ ಒಡೆಯುತ್ತವೆ. ಹಾಗಾಗಿ ಅವರು ಜ್ವಾಲಾಮುಖಿ ನೆಲದ ಸಿಹಿನೀರಿನ ಬಿಸಿ ಬುಗ್ಗೆಗಳನ್ನು ತೋರಿಸುತ್ತಾರೆ. ಹಲವು ಬಗೆಯ ಕೊಬ್ಬು ಬೆರೆಸಿದರೆ ಪೊರೆ ಉಪ್ಪನ್ನೂ ತಾಳುತ್ತದೆ ಎಂದು ಕಡಲಿನವರು ಮರುಪ್ರಯೋಗ ಮಾಡಿದ್ದಾರೆ.

ಕಡಲಿನವರ ಬಲ ಶಕ್ತಿಯ ಲೆಕ್ಕದಲ್ಲಿದೆ. 1977ರಲ್ಲಿ ಗಲಾಪಗೋಸ್ ಬಳಿ ಕಡಲ ತಳದಲ್ಲಿ ಬಿಸಿನೀರಿನ ಬಾಯಿಗಳು ಸಿಕ್ಕವು, ಸುತ್ತ ಬಿಸಿಲು ಕಾಣದ ಜೀವಿಗಳ ಸಂತೆ. 2000ದಲ್ಲಿ ಅಟ್ಲಾಂಟಿಕ್‌ನಲ್ಲಿ 'ಲಾಸ್ಟ್ ಸಿಟಿ' ಎಂಬ ಕ್ಷಾರದ ಬುಗ್ಗೆಗಳು ಸಿಕ್ಕವು. ಅಲ್ಲಿ ಕಲ್ಲಿನ ಸಣ್ಣ ಸಣ್ಣ ರಂಧ್ರಗಳು, ಹೈಡ್ರೋಜನ್ ಇದೆ. ಆದಿಯ ಕಡಲು ಈಗಿನದಕ್ಕಿಂತ ಹೆಚ್ಚು ಆಮ್ಲೀಯ, ಹಾಗಾಗಿ ಆಗಿನ ಬುಗ್ಗೆಗಳ ಒಳಗಿಗೂ ಹೊರಗಿಗೂ ಪ್ರೋಟಾನ್‌ಗಳ (ಆಮ್ಲೀಯತೆ ತರುವ ಹೈಡ್ರೋಜನ್ ಕಣಗಳ) ವ್ಯತ್ಯಾಸ ತಾನಾಗಿ ಇರುತ್ತಿತ್ತು ಎನ್ನುವುದು ಅವರ ವಾದ. ನಮ್ಮ ಜೀವಕೋಶಗಳೂ ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸದಿಂದಲೇ ಶಕ್ತಿ ತೆಗೆಯುತ್ತವೆ. ಅವರ ಸೋಲು ಎಲ್ಲಿ ಎಂದರೆ, ಅಷ್ಟು ನೀರಿನ ನಡುವೆ ಉದ್ದ ಸರಪಳಿ ಕಟ್ಟುವುದು ಹೇಗೆ ಎಂಬಲ್ಲಿ. ಆಯ್ಕೆ ಮಾಡಲೇಬೇಕೆಂದರೆ ನಾನು ಕೆರೆಯ ಕಡೆ ಸ್ವಲ್ಪ ವಾಲುತ್ತೇನೆ. ಸ್ವಲ್ಪ ಮಾತ್ರ.

ರಸಾಯನದ ಸಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಾವ ಪ್ರಯೋಗಾಲಯವೂ ನಿರ್ಜೀವ ವಸ್ತುವಿನಿಂದ ಜೀವಕೋಶ ಮಾಡಿಲ್ಲ. ಮೂರು ಮೂರು ಅಕ್ಷರಕ್ಕೆ ಒಂದೊಂದು ಅಮೈನೋ ಆಮ್ಲ ಎಂಬ ಸಂಕೇತ ಹೇಗೆ ನೆಲೆಯಾಯಿತು ಎಂಬುದು ತೀರ್ಮಾನವಾಗಿಲ್ಲ. ಅಮೈನೋ ಆಮ್ಲಗಳಿಗೆ ಎಡಗೈ-ಬಲಗೈ ಎಂಬ ಎರಡು ರೂಪ, ಜೀವಿಗಳ ಪ್ರೋಟೀನಿನಲ್ಲಿ ಎಡದ್ದೇ ಯಾಕೆ ಎಂಬುದೂ ಬಾಕಿ. ಈ ಉತ್ತರ ಕೇಳುವ ಬೆಲೆ ತಾಳ್ಮೆ.

ಬಾಹ್ಯಾಕಾಶದಿಂದ

ಇದನ್ನು ಬೇಗ ಮುಗಿಸಬಹುದು. ಜೀವದ ಬೀಜ ಬೇರೆ ಲೋಕದಿಂದ ಬಂತು ಎಂದು ವಿಜ್ಞಾನಿಗಳಾದ ಅರೇನಿಯಸ್, ಆಮೇಲೆ ಹಾಯ್ಲ್ ಮತ್ತು ಚಂದ್ರ ವಿಕ್ರಮಸಿಂಘೆ ವಾದಿಸಿದರು. ಬೇರೆ ನಾಗರಿಕತೆ ಬೇಕೆಂದೇ ಕಳಿಸಿರಬಹುದು ಎಂದು 1973ರಲ್ಲಿ ಕ್ರಿಕ್ ಮತ್ತು ಆರ್ಗೆಲ್ ಬರೆದರು. ಇದೂ ನೈಸರ್ಗಿಕ ಉತ್ತರವೇ, ಆದರೆ ಅಚ್ಚುಕಟ್ಟಾಗಿ ಪಕ್ಕದ ಮನೆಯ ಹೆಪ್ಪು. ಮೂರನೆಯ ಅಳತೆಯಲ್ಲಿ ಬಿತ್ತು.

ಜೀವ ಅಲ್ಲ, ಜೀವದ ಸಾಮಾನು ಆಕಾಶದಿಂದ ಬಂತು ಎಂದರೆ ಮಾತು ಬೇರೆ, ಅದಕ್ಕೆ ಗಟ್ಟಿ ಸಾಕ್ಷಿ ಇದೆ. 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್ ಉಲ್ಕೆಯಲ್ಲಿ ಹತ್ತಾರು ಅಮೈನೋ ಆಮ್ಲಗಳಿವೆ. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ತಂದ ಮಣ್ಣಿನಲ್ಲಿ, ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಮತ್ತು ಡಿಎನ್‌ಎ-ಆರ್‌ಎನ್‌ಎಯ ಐದೂ ಅಕ್ಷರ ಸಿಕ್ಕಿವೆ ಎಂದು 2025ರಲ್ಲಿ ಪ್ರಕಟವಾಯಿತು. ಉಪ್ಪುನೀರು ಆರಿ ಉಳಿದ ಲವಣವೂ ಅದರಲ್ಲಿತ್ತು. ಆದರೆ ಎಡ-ಬಲ ರೂಪಗಳು ಹೆಚ್ಚುಕಡಿಮೆ ಸಮ ಇದ್ದವು, ಹಾಗಾಗಿ ಎಡದ ಒಗಟು ಅಲ್ಲಿ ಬಿಡಿಸಿಕೊಳ್ಳಲಿಲ್ಲ.

ಎರಡೂ ಸರಿ

ದೇವರ ಕೆಲಸ ನಡೆಯುವುದೇ ನಿಸರ್ಗದ ನಿಯಮಗಳ ಮೂಲಕ, ರಸಾಯನವೇ ಅವನ ಕೈ ಎನ್ನುವವರು ಇವರು. ವಿಶ್ವ ಹಿಗ್ಗುತ್ತಿದೆ, ಅದಕ್ಕೊಂದು ಆರಂಭವಿತ್ತು ಎಂಬ ಸಿದ್ಧಾಂತ ಮುಂದಿಟ್ಟ ಲೆಮೆತ್ರ್ ಕ್ಯಾಥೋಲಿಕ್ ಪಾದ್ರಿ. ವಿಕಾಸವಾದ ಬರೀ ಊಹೆಯಲ್ಲ ಎಂದು 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಒಪ್ಪಿದರು. ನಮ್ಮಲ್ಲಿ ತೈತ್ತಿರೀಯ ಉಪನಿಷತ್ತು ಆಕಾಶದಿಂದ ಗಾಳಿ, ಗಾಳಿಯಿಂದ ಬೆಂಕಿ, ನೀರು, ಮಣ್ಣು, ಗಿಡ, ಅನ್ನ, ಆಮೇಲೆ ಮನುಷ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಅದನ್ನು ರಸಾಯನಶಾಸ್ತ್ರ ಎನ್ನುವುದು ಅತಿಯಾಯಿತು. ಆದರೆ ಒಂದರಿಂದ ಒಂದು ಬಂತು ಎನ್ನಲು ಆ ಋಷಿಗಳಿಗೆ ಮುಜುಗರ ಇರಲಿಲ್ಲ. ಋಗ್ವೇದದ ನಾಸದೀಯ ಸೂಕ್ತ ಇನ್ನೂ ಮುಂದೆ ಹೋಗಿ, ಮೇಲಿಂದ ನೋಡುವವನಿಗೂ ಇದು ಗೊತ್ತಿದೆಯೋ ಇಲ್ಲವೋ ಎಂದು ಕೇಳಿ ನಿಲ್ಲಿಸುತ್ತದೆ.

ಈ ಆಯ್ಕೆಯಲ್ಲಿ ದೇವರ ಭಾಗ ಪರೀಕ್ಷೆಗೆ ಸಿಗುವುದಿಲ್ಲ, ರಸಾಯನದ ಭಾಗ ಸಿಗುತ್ತದೆ. ಎರಡನ್ನೂ ಗೆರೆ ಎಳೆದು ಬೇರೆ ಇಟ್ಟುಕೊಂಡರೆ ಇದು ಗಟ್ಟಿ. ರಸಾಯನ ಕಷ್ಟವಾದಲ್ಲಿ ದೇವರನ್ನು ಕರೆದು, ಸುಲಭವಾದಲ್ಲಿ ಕಳಿಸಿಕೊಡುವವರಿಗೆ ಇದು ಆಗಿಬರುವುದಿಲ್ಲ.

ಯಾರಿಗೆ ಯಾವುದು

ಪಿಯುಸಿ ಮತ್ತು ನೀಟ್ ಓದುವವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ: ಒಪಾರಿನ್, ಹಾಲ್ಡೇನ್, ಮಿಲ್ಲರ್ ಬರೆಯಿರಿ. ಒಂದು ಸಂಜೆಯ ಓದು ಸಾಕು.

ಪೂಜೆ, ನೇಮ, ನಮಾಜು, ಪ್ರಾರ್ಥನೆ ಬಿಡಲು ಮನಸ್ಸಿಲ್ಲದೆ ವಿಜ್ಞಾನ ಓದುವವರಿಗೆ ಐದನೆಯದು. ಸೋಂದಾದ ಮೂರು ಮಠಗಳ ಸಿದ್ಧಾಂತ ಒಪ್ಪುವವರಿಗಂತೂ ಅಷ್ಟೂ ಬೇಕಿಲ್ಲ, ಅವರಿಗೆ ಇಲ್ಲಿ ಜಗಳವೇ ಇಲ್ಲ. ಧರ್ಮಗ್ರಂಥದ ಒಂದೊಂದು ಅಕ್ಷರವೂ ನಡೆದ ಘಟನೆಯ ವರದಿ ಎಂದು ಹಿಡಿಯುವವರು ಮೊದಲನೆಯದರಲ್ಲೇ ಇರಬೇಕಾಗುತ್ತದೆ. ಅವರು ಕಲ್ಲುಗಳ ವಯಸ್ಸಿನ ಜೊತೆ ದಿನವೂ ವಾದಿಸುತ್ತಿರಬೇಕು. ಆ ಬೆಲೆ ಕಡಿಮೆಯಲ್ಲ.

ಸಣ್ಣ ಮಗು ಕೇಳಿದರೆ? ಬಹಳ ಬಹಳ ಹಿಂದೆ ನೀರಿನಲ್ಲಿ ತುಂಬ ಚಿಕ್ಕದಾಗಿ ಶುರುವಾಯಿತು, ಹೇಗೆಂದು ಈಗಲೂ ಹುಡುಕುತ್ತಿದ್ದಾರೆ ಎನ್ನಿ. ಅಜ್ಜಿ ದೇವರು ಮಾಡಿದ ಎಂದು ಹೇಳಿದ್ದರೆ ಅಜ್ಜಿಯನ್ನು ಸುಳ್ಳುಗಾರ್ತಿ ಮಾಡಬೇಡಿ, ಅಜ್ಜಿ ಹೇಳುತ್ತಿರುವುದು ಯಾರಿಗೆ ಕೈ ಮುಗಿಯಬೇಕೆಂದು. ಹುಡುಗ ಸ್ವಲ್ಪ ದೊಡ್ಡವನಾದರೆ ಯಾಣಕ್ಕೆ ಕರೆದುಕೊಂಡು ಹೋಗಿ, ಎರಡೂ ಕತೆ ಹೇಳಿ.

ಚರ್ಚಾ ಸ್ಪರ್ಧೆಯವರಿಗೆ ಬೇರೆ ಸಲಹೆ. ಚೀಟಿಯಲ್ಲಿ ಅಲೌಕಿಕ ಪಕ್ಷ ಬಂದರೆ ಸಂಭವನೀಯತೆಯ ವಾದಕ್ಕೆ ಕೈ ಹಾಕಬೇಡಿ. ನೂರು ಅಮೈನೋ ಆಮ್ಲದ ಒಂದು ಪ್ರೋಟೀನ್ ಆಕಸ್ಮಿಕವಾಗಿ ಕೂಡಲು 1ರ ಮುಂದೆ 130 ಸೊನ್ನೆ ಇಟ್ಟಷ್ಟರಲ್ಲಿ ಒಂದು ಅವಕಾಶ ಎನ್ನುವ ಲೆಕ್ಕ ಸರಿ, ಅದನ್ನು ಬಳಸುವ ಜಾಗ ತಪ್ಪು. ಅಂಥ ಪ್ರೋಟೀನ್ ಒಂದೇ ಏಟಿಗೆ ಕೂಡಿತು ಎಂದು ಯಾರೂ ಹೇಳುತ್ತಿಲ್ಲ. ಅದರ ಬದಲು ನಿಯಮಗಳೇ ಯಾಕಿವೆ, ಅರಿವು ಎಲ್ಲಿಂದ ಬಂತು ಎಂದು ಕೇಳಿ. ಅಲ್ಲಿ ಎದುರಾಳಿಗೆ ಸಿದ್ಧ ಉತ್ತರ ಇರುವುದಿಲ್ಲ.

ನೈಸರ್ಗಿಕ ಪಕ್ಷ ಬಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಲ್ಯಾಬಿನಲ್ಲಿ ಜೀವ ಮಾಡಿದ್ದೀರಾ? ಇಲ್ಲ ಎಂದು ನೇರವಾಗಿ ಹೇಳಿ. 2010ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ಅವರ ತಂಡ ಮಾಡಿದ್ದು ಕೃತಕ ಡಿಎನ್‌ಎ, ಅದನ್ನು ಹಾಕಿದ್ದು ಮೊದಲೇ ಇದ್ದ ಜೀವಕೋಶಕ್ಕೆ. 2016ರಲ್ಲಿ ಅವರೇ ಅದನ್ನು ಕತ್ತರಿಸಿ ಕತ್ತರಿಸಿ 473 ಜೀನ್‌ಗೆ ಇಳಿಸಿದರು. ಅದರಲ್ಲಿ 149 ಜೀನ್‌ಗಳು ಏನು ಕೆಲಸ ಮಾಡುತ್ತವೆ ಎಂದು ಆಗ ಅವರಿಗೇ ಗೊತ್ತಿರಲಿಲ್ಲ. ಇದನ್ನು ಎದುರಾಳಿ ಎತ್ತುವ ಮೊದಲು ನೀವೇ ಎತ್ತಿ.